ಇನ್ನೊಬ್ಬರ ಕಂಪನಿ ಕೊಳ್ಳುವಾಗ ಹಣ ಕೊಡುವ ಮುಂಚೆ ಮಾಡಬೇಕಾದ ಕೆಲಸಗಳು

30-40ರ ಒಂದು ಸೈಟ್ ಕೊಳ್ಳುವಾಗ ನಾವು ಎಷ್ಟು ಹುಷಾರಾಗಿರುತ್ತೇವೆ ನೋಡಿ. ಇ.ಸಿ. ತೆಗೆಸುತ್ತೇವೆ, ಮೂಲಪತ್ರ ಕೇಳುತ್ತೇವೆ, ಖಾತೆ ಯಾರ ಹೆಸರಲ್ಲಿದೆ ಅಂತ ನೋಡುತ್ತೇವೆ, ಮಾರುವವರ ಅಕ್ಕತಂಗಿಯರು ಸಹಿ ಹಾಕುತ್ತಾರಾ ಅಂತ ವಕೀಲರನ್ನು ಎರಡು ಸಲ ವಿಚಾರಿಸುತ್ತೇವೆ. ಅದೇ ಜನ 5 ಕೋಟಿಯ ಕಂಪನಿ ಕೊಳ್ಳುವಾಗ ಮೂರು ವರ್ಷದ ಬ್ಯಾಲೆನ್ಸ್ ಶೀಟ್ ನೋಡಿ ಒಪ್ಪಿಕೊಂಡುಬಿಡುತ್ತಾರೆ.

ನನ್ನ ಸ್ನೇಹಿತರೊಬ್ಬರು ಹಾಗೇ ಬೆಂಗಳೂರಿನ ಹೊರವಲಯದಲ್ಲಿ ಯಂತ್ರದ ಬಿಡಿಭಾಗ ಮಾಡುವ ಸಣ್ಣ ಕಂಪನಿಯೊಂದನ್ನು ಕೊಂಡರು. ದುಡ್ಡು ಪೂರ್ತಿ ಒಂದೇ ದಿನ ಕೊಟ್ಟರು. ಹತ್ತು ತಿಂಗಳಾದ ಮೇಲೆ ಹಳೇ ವರ್ಷಗಳ ಪಿಎಫ್ ಬಾಕಿಗೆ ನೋಟಿಸ್ ಬಂತು. ಕರಾರಿನಲ್ಲಿ "ಹಿಂದಿನ ಬಾಕಿಗೆಲ್ಲ ಮಾರಿದವರೇ ಹೊಣೆ" ಎಂಬ ಸಾಲು ಇತ್ತು. ಆದರೆ ಅಷ್ಟರಲ್ಲಿ ಮಾರಿದವರು ಬಂದ ಹಣದಲ್ಲಿ ಸಾಲ ತೀರಿಸಿ, ಮಕ್ಕಳ ಹೆಸರಲ್ಲಿ ಮನೆ ಕಟ್ಟಿಸಿ ಆಗಿತ್ತು. ಕೋರ್ಟಿಗೆ ಹೋಗಬಹುದಿತ್ತು, ಆದರೆ ನೋಟಿಸಿನ ಹಣ ಈಗಲೇ ಕಟ್ಟಬೇಕಿತ್ತು, ಸ್ನೇಹಿತರೇ ಕಟ್ಟಿದರು.

ಅವತ್ತಿನಿಂದ ಯಾರೇ ಕೇಳಿದರೂ ನಾನು ಹೇಳುವುದು ಇಷ್ಟು. ಮೊದಲು ಹುಡುಕಿ. ಹುಡುಕಿದರೂ ಸಿಗದೆ ಉಳಿಯುವುದು ಇದ್ದೇ ಇರುತ್ತದೆ, ಅದಕ್ಕೆ ಕರಾರಿನಲ್ಲಿ ಸಾಲು ಬರೆಸಿ, ಆ ಸಾಲಿನ ಹಿಂದೆ ಸ್ವಲ್ಪ ಹಣ ತಡೆದಿಟ್ಟುಕೊಳ್ಳಿ. ಮೂರನೆಯದು ಇಲ್ಲದಿದ್ದರೆ ಮೊದಲಿನ ಎರಡಕ್ಕೆ ಬಲ ಕಡಿಮೆ. ಹೇಗೆ ಮಾಡುವುದು ಅಂತ ಕೆಳಗೆ ಬರೆದಿದ್ದೇನೆ, ಮುಖ್ಯವಾಗಿ ಸಣ್ಣ, ಮಧ್ಯಮ ಗಾತ್ರದ ಪ್ರೈವೇಟ್ ಲಿಮಿಟೆಡ್ ಕಂಪನಿ ಕೊಳ್ಳುವವರಿಗೆ.

ಷೇರು ಕೊಳ್ಳುತ್ತೀರಾ, ವ್ಯವಹಾರ ಕೊಳ್ಳುತ್ತೀರಾ?

ಷೇರು ಕೊಂಡರೆ ಕಂಪನಿ ಇದ್ದ ಹಾಗೇ ಇರುತ್ತದೆ, ಮಾಲೀಕರು ಮಾತ್ರ ಬದಲಾಗುತ್ತಾರೆ. ಲೈಸೆನ್ಸ್, ಗ್ರಾಹಕರ ಆರ್ಡರ್, ಬ್ಯಾಂಕ್ ಖಾತೆ ಎಲ್ಲ ಸಾಮಾನ್ಯವಾಗಿ ಮುಂದುವರಿಯುತ್ತದೆ. ಹಳೇ ತೆರಿಗೆ ತಕರಾರು, ಹಳೇ ಕೇಸು, ಹಳೇ ಸಾಲ ಕೂಡ ಮುಂದುವರಿಯುತ್ತದೆ.

ಅದು ಬೇಡ ಅಂತ ವ್ಯವಹಾರ ಮಾತ್ರ ಕೊಳ್ಳುವವರಿದ್ದಾರೆ. ಇಡೀ ಘಟಕವನ್ನು ಒಂದೇ ಮೊತ್ತಕ್ಕೆ ಕೊಂಡರೆ ಸ್ಲಂಪ್ ಸೇಲ್ ಅಂತಾರೆ. ಇದರಲ್ಲಿ ಹಳೇ ಹೊರೆಯೆಲ್ಲ ಹಳೇ ಕಂಪನಿಯಲ್ಲೇ ಉಳಿಯುತ್ತದೆ ಅಂತ ತುಂಬ ಜನ ನಂಬಿದ್ದಾರೆ. ಪೂರ್ತಿ ನಿಜವಲ್ಲ. ಜಿಎಸ್‌ಟಿ ಕಾಯ್ದೆಯ 85ನೇ ಕಲಂ ಓದಿ. ವ್ಯವಹಾರ ಕೈ ಬದಲಾದ ದಿನದವರೆಗಿನ ತೆರಿಗೆ, ಬಡ್ಡಿ, ದಂಡಕ್ಕೆ ಮಾರಿದವರು ಮತ್ತು ಕೊಂಡವರು ಇಬ್ಬರೂ ಜಂಟಿಯಾಗಿ ಹೊಣೆ. ಪಿಎಫ್ ಬಾಕಿಯ ವಿಷಯದಲ್ಲೂ ಕಾನೂನು ಕೊಂಡವರ ಬೆನ್ನು ಹತ್ತುತ್ತದೆ, ಕೊಂಡ ಆಸ್ತಿಯ ಬೆಲೆಯಷ್ಟರ ಮಟ್ಟಿಗೆ. ಕಾರ್ಮಿಕರನ್ನು ತೆಗೆದುಕೊಳ್ಳುವಾಗ ಅವರ ಸೇವೆ ಮುರಿಯಬಾರದು, ಷರತ್ತು ಮೊದಲಿಗಿಂತ ಕಡಿಮೆಯಾಗಬಾರದು, ಹಳೇ ವರ್ಷಗಳ ಸೇವೆಯನ್ನೂ ಲೆಕ್ಕಕ್ಕೆ ಹಿಡಿಯಬೇಕು. ಹಾಗೆ ಮಾಡದಿದ್ದರೆ ಅವರಿಗೆ ಪರಿಹಾರ ಕೊಡಬೇಕಾಗುತ್ತದೆ.

ಇನ್ನೊಂದು ಮಾತು. "ಕಂಪನಿಯಲ್ಲಿ 2 ಕೋಟಿ ನಷ್ಟ ಇದೆ, ಮುಂದೆ ನಿಮ್ಮ ತೆರಿಗೆ ಉಳಿಯುತ್ತದೆ" ಅಂತ ಮಾರುವವರು ಆಸೆ ತೋರಿಸಿದರೆ ತಕ್ಷಣ ನಿಮ್ಮ ಸಿಎ ಹತ್ತಿರ ಕೇಳಿ. ಪ್ರೈವೇಟ್ ಕಂಪನಿಯಲ್ಲಿ ನಷ್ಟ ಆದ ವರ್ಷ ಇದ್ದ ಷೇರುದಾರರ ಕೈಯಲ್ಲೇ ಕನಿಷ್ಠ 51% ಮತಾಧಿಕಾರ ಉಳಿದಿರಬೇಕು, ಇಲ್ಲದಿದ್ದರೆ ಸಾಮಾನ್ಯವಾಗಿ ಆ ನಷ್ಟವನ್ನು ಮುಂದಿನ ಲಾಭದಲ್ಲಿ ಕಳೆಯಲು ಬಿಡುವುದಿಲ್ಲ. ಮಾನ್ಯತೆ ಪಡೆದ ಸ್ಟಾರ್ಟಪ್‌ಗಳಿಗೆ ಬೇರೆ ನಿಯಮ ಇದೆ. ನೀವು 100% ಕೊಂಡರೆ ಆ 2 ಕೋಟಿಯ ಲಾಭ ಬಹುತೇಕ ಹೋಯಿತು ಅಂತಲೇ ಲೆಕ್ಕ. ಅದಕ್ಕೆ ಬೆಲೆ ಕೊಡಬೇಡಿ.

ಟರ್ಮ್ ಶೀಟ್

ಒಪ್ಪಿದ ಮುಖ್ಯ ಅಂಶಗಳನ್ನು ಕರಾರಿಗೆ ಮುಂಚೆ ಬರೆದಿಡುವ ಕಾಗದವೇ ಟರ್ಮ್ ಶೀಟ್. ಎರಡು ಪುಟ ಸಾಕು. ಬೆಲೆ, ಬೆಲೆ ಹೇಗೆ ಲೆಕ್ಕ ಹಾಕಿದ್ದು, ಎಷ್ಟು ಹಣ ತಡೆಯುತ್ತೀರಿ, ಇಷ್ಟು. ಬೆಲೆ ಮತ್ತು ಖರೀದಿಯ ಭಾಗ ಇಬ್ಬರನ್ನೂ ಕಟ್ಟಿಹಾಕುವುದಿಲ್ಲ, ಗೌಪ್ಯತೆ ಮತ್ತು "ಇಷ್ಟು ದಿನ ಬೇರೆಯವರ ಹತ್ತಿರ ಮಾತಾಡಬಾರದು" ಎಂಬ ಭಾಗ ಮಾತ್ರ ಕಟ್ಟುತ್ತದೆ ಅಂತ ಸ್ಪಷ್ಟವಾಗಿ ಬರೆಯಿರಿ. 45ರಿಂದ 60 ದಿನ ಕೇಳಿ. ತಡೆಯುವ ಹಣದ ಮಾತನ್ನು ಇಲ್ಲೇ ಎತ್ತಿ. ಎರಡು ತಿಂಗಳು ಬಿಟ್ಟು ಎತ್ತಿದರೆ ಮಾರುವವರಿಗೆ ಬೆಲೆ ಇಳಿಸಿದ ಹಾಗೆ ಅನ್ನಿಸುತ್ತದೆ, ಮನಸ್ತಾಪ ಅಲ್ಲಿಂದಲೇ ಶುರು.

ಹುಡುಕುವ ಕೆಲಸ

ಮಾರುವವರು ಕೊಟ್ಟ ಫೈಲು ಓದುವುದು ತಪಾಸಣೆಯ ಅರ್ಧ ಭಾಗ ಮಾತ್ರ. ಅವರು ಕೊಡದೆಯೂ ಸಿಗುವ ದಾಖಲೆಗಳನ್ನು ಮೊದಲು ನೋಡಿ. ಕೇಂದ್ರದ ಕಾರ್ಪೊರೇಟ್ ವ್ಯವಹಾರಗಳ ಸಚಿವಾಲಯದ ಎಂಸಿಎ ಪೋರ್ಟಲ್‌ನಲ್ಲಿ ಕಂಪನಿಯ ಆಸ್ತಿ ಮೇಲೆ ಯಾವ ಬ್ಯಾಂಕಿನ ಚಾರ್ಜ್ (ಸಾಲದ ಹೊರೆ) ಇದೆ, ವಾರ್ಷಿಕ ರಿಟರ್ನ್‌ನಲ್ಲಿ ಷೇರುದಾರರು ಯಾರು ಅಂತ ಗೊತ್ತಾಗುತ್ತದೆ. ಇ-ಕೋರ್ಟ್ಸ್‌ನಲ್ಲಿ ಕಂಪನಿ ಹೆಸರು, ನಿರ್ದೇಶಕರ ಹೆಸರು ಹಾಕಿ ಹುಡುಕಿ. ಇಂಗ್ಲಿಷ್ ಸ್ಪೆಲ್ಲಿಂಗ್ ಬದಲಿಸಿ ಬದಲಿಸಿ ಹುಡುಕಬೇಕು, ಒಂದೇ ಸಲಕ್ಕೆ ಸಿಗುವುದಿಲ್ಲ. ಜಮೀನು ಇದ್ದರೆ ನೋಂದಣಿ ಇಲಾಖೆಯ ಕಾವೇರಿ ಪೋರ್ಟಲ್‌ನಲ್ಲಿ ಇ.ಸಿ. ತೆಗೆಸಿ. ಆಮೇಲೆ ಮಾರುವವರನ್ನು ಪಕ್ಕದಲ್ಲಿ ಕೂರಿಸಿಕೊಂಡು, ಅವರದೇ ಲಾಗಿನ್‌ನಲ್ಲಿ ಜಿಎಸ್‌ಟಿ, ಆದಾಯ ತೆರಿಗೆ, ಪಿಎಫ್, ಇಎಸ್ಐ ಪೋರ್ಟಲ್ ತೆರೆಸಿ ನೋಟಿಸ್ ಇರುವ ಪುಟ ನೋಡಿ. "ನೋಟಿಸ್ ಏನೂ ಇಲ್ಲ" ಎಂಬ ಪತ್ರಕ್ಕಿಂತ ಈ ಅರ್ಧ ಗಂಟೆ ಜಾಸ್ತಿ ಹೇಳುತ್ತದೆ.

ಕರ್ನಾಟಕದಲ್ಲಿ ಫ್ಯಾಕ್ಟರಿ ಕೊಳ್ಳುವವರಿಗೆ ಕೆಐಎಡಿಬಿ (ಕರ್ನಾಟಕ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿ) ಜಮೀನಿನ ವಿಷಯ ಬೇರೆಯೇ. ಎಷ್ಟೋ ಕಡೆ ಅದು ಇನ್ನೂ ಲೀಸ್-ಕಂ-ಸೇಲ್ (ಮೊದಲು ಗುತ್ತಿಗೆ, ಷರತ್ತು ಪೂರೈಸಿದ ಮೇಲೆ ಕ್ರಯ) ಹಂತದಲ್ಲೇ ಇರುತ್ತದೆ, ಶುದ್ಧ ಕ್ರಯಪತ್ರ ಆಗಿರುವುದಿಲ್ಲ. ಹಂಚಿಕೆ ಪತ್ರ ಮತ್ತು ಲೀಸ್ ಕರಾರನ್ನು ಸಾಲು ಸಾಲಾಗಿ ಓದಿ. ಮಾಲೀಕತ್ವ ಅಥವಾ ಷೇರು ಕೈ ಬದಲಾಗುವ ಮುಂಚೆ ಮಂಡಳಿಯ ಅನುಮತಿ ಬೇಕು ಎಂಬ ಷರತ್ತು ಇದೆಯಾ ನೋಡಿ. ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿ ಯಾವ ತಾರೀಕಿಗೆ ಮುಗಿಯುತ್ತದೆ, ಅದರಲ್ಲಿ ಬರೆದ ಉತ್ಪಾದನೆಗೂ ನಿಜವಾಗಿ ಮಾಡುತ್ತಿರುವುದಕ್ಕೂ ತಾಳೆ ಇದೆಯಾ ಅಂತಲೂ ನೋಡಿ.

ದೊಡ್ಡ ಗ್ರಾಹಕರ ಕರಾರು, ಬ್ಯಾಂಕ್ ಸಾಲದ ಕರಾರು, ಬಾಡಿಗೆ ಕರಾರು, ಈ ಮೂರರಲ್ಲೂ "ಮಾಲೀಕತ್ವ ಬದಲಾದರೆ ರದ್ದು ಮಾಡಬಹುದು" ಎಂಬ ಸಾಲು ಅಡಗಿರಬಹುದು. ಕಂಪನಿಯ ಅರ್ಧ ವ್ಯಾಪಾರ ಒಬ್ಬರೇ ಗ್ರಾಹಕರಿಂದ ಬರುತ್ತಿದ್ದು, ಆ ಕರಾರಿನಲ್ಲಿ ಈ ಸಾಲು ಇದ್ದರೆ, ಅವರ ಒಪ್ಪಿಗೆ ಪತ್ರ ಬರುವವರೆಗೆ ದುಡ್ಡು ಕೊಡಲೇಬೇಡಿ.

ಸಾಫ್ಟ್‌ವೇರ್ ಕಂಪನಿ ಕೊಳ್ಳುತ್ತಿದ್ದರೆ ನಾನು ಮೊದಲು ಕೇಳುವ ಪ್ರಶ್ನೆ: ಕೋಡ್ ಬರೆದವರು ಯಾರು? ಸಂಬಳಕ್ಕಿದ್ದ ಉದ್ಯೋಗಿ ಕೆಲಸದ ಭಾಗವಾಗಿ ಬರೆದಿದ್ದರೆ, ಬೇರೆ ಒಪ್ಪಂದ ಇಲ್ಲದಿದ್ದಾಗ ಹಕ್ಕು ಕಂಪನಿಯದು. ಫ್ರೀಲಾನ್ಸರ್ ಬರೆದಿದ್ದರೆ, ಬರವಣಿಗೆಯಲ್ಲಿ ಸಹಿ ಹಾಕಿ ವರ್ಗಾಯಿಸದ ಹೊರತು ಸಾಮಾನ್ಯವಾಗಿ ಹಕ್ಕು ಬರೆದವರದ್ದೇ. ವರ್ಗಾವಣೆ ಪತ್ರ ಇದ್ದರೂ ಅದರಲ್ಲಿ ಅವಧಿ ಮತ್ತು ಪ್ರದೇಶ ನಮೂದಾಗಿದೆಯಾ ನೋಡಿ. ನಮ್ಮ ಕಾಪಿರೈಟ್ ಕಾಯ್ದೆಯ 19ನೇ ಕಲಂ ಪ್ರಕಾರ ಅವಧಿ ಬರೆಯದಿದ್ದರೆ 5 ವರ್ಷ ಮಾತ್ರ, ಪ್ರದೇಶ ಬರೆಯದಿದ್ದರೆ ಭಾರತಕ್ಕೆ ಮಾತ್ರ. ಅಮೆರಿಕದ ಗ್ರಾಹಕರಿಗೆ ಮಾರುವ ಉತ್ಪನ್ನಕ್ಕೆ ಇದು ಎಷ್ಟು ದೊಡ್ಡ ತೂತು ಅಂತ ಯೋಚಿಸಿ. ಆ ಫ್ರೀಲಾನ್ಸರ್‌ಗಳನ್ನು ಹುಡುಕಿ ಹೊಸ ಪತ್ರಕ್ಕೆ ಸಹಿ ಹಾಕಿಸುವ ಕೆಲಸ ಮಾರುವವರೇ ಮಾಡಲಿ, ಷೇರು ಕೈ ಬದಲಾಗುವ ಮುಂಚೆಯೇ ಮಾಡಲಿ.

ಮಾಲೀಕರ ಮನೆಯವರ ಜೊತೆಗಿನ ವ್ಯವಹಾರವನ್ನೂ ಬಿಡಬೇಡಿ. ಶೆಡ್ಡು ಹೆಂಡತಿಯ ಹೆಸರಲ್ಲಿ, ಲಾರಿ ತಮ್ಮನ ಹೆಸರಲ್ಲಿ, ಟ್ರೇಡ್‌ಮಾರ್ಕ್ ಮಾಲೀಕರ ಸ್ವಂತ ಹೆಸರಲ್ಲಿ ಇರುವುದು ನಮ್ಮಲ್ಲಿ ಮಾಮೂಲು. ದೊಡ್ಡವರಿಗೂ ಈ ತೊಂದರೆ ತಪ್ಪಿದ್ದಲ್ಲ. ಬೆಂಗಳೂರಿನ ಮದ್ಯದ ಕಂಪನಿ ಯುನೈಟೆಡ್ ಸ್ಪಿರಿಟ್ಸ್ ಖರೀದಿಗೆ ಬ್ರಿಟನ್ನಿನ ಡಿಯಾಜಿಯೊ 2012ರಲ್ಲಿ ಒಪ್ಪಂದ ಮಾಡಿಕೊಂಡಿತು. 2010ರಿಂದ 2013ರ ನಡುವೆ ಸುಮಾರು 1,337 ಕೋಟಿ ರೂಪಾಯಿ ಯುಬಿ ಸಮೂಹದ ಬೇರೆ ಕಂಪನಿಗಳ ಕಡೆ ಹೋಗಿದೆ ಎಂದು ಕಂಪನಿಯ ಆಂತರಿಕ ತನಿಖೆ 2015ರಲ್ಲಿ ಹೇಳಿತು. ಕಂಪನಿಯ ಅಧ್ಯಕ್ಷರೂ ಯುಬಿ ಸಮೂಹದ ಒಡೆಯರೂ ಆಗಿದ್ದ ವಿಜಯ್ ಮಲ್ಯ ಆರೋಪ ಅಲ್ಲಗಳೆದರು. ಕೊನೆಗೆ 2016ರಲ್ಲಿ ಅವರು ಅಧ್ಯಕ್ಷ ಸ್ಥಾನ ಬಿಡಲು ಡಿಯಾಜಿಯೊ 7.5 ಕೋಟಿ ಡಾಲರ್ ಕೊಡುವ ಒಪ್ಪಂದವಾಯಿತು.

ರಾನ್‌ಬಾಕ್ಸಿಯ ಕಥೆ ಯಾಕೆ ಓದಬೇಕು

ಜಪಾನಿನ ಡೈಯಿಚಿ ಸ್ಯಾಂಕ್ಯೋ 2008ರ ಜೂನ್‌ನಲ್ಲಿ ಭಾರತದ ಔಷಧ ಕಂಪನಿ ರಾನ್‌ಬಾಕ್ಸಿ ಕೊಳ್ಳಲು ಒಪ್ಪಿತು. ಷೇರಿಗೆ 737 ರೂಪಾಯಿ. ಮಾರಿದ ಸಿಂಗ್ ಕುಟುಂಬದ ಪಾಲು ಸುಮಾರು 34.8%. ಅದೇ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ, ರಾನ್‌ಬಾಕ್ಸಿಯ ಪಾವೊಂಟಾ ಸಾಹಿಬ್ ಮತ್ತು ದೇವಾಸ್ ಘಟಕಗಳ 30ಕ್ಕೂ ಹೆಚ್ಚು ಔಷಧಿಗಳ ಆಮದು ತಡೆಯಿತು. 2013ರಲ್ಲಿ ರಾನ್‌ಬಾಕ್ಸಿ ಅಮೆರಿಕದಲ್ಲಿ ತಪ್ಪೊಪ್ಪಿಕೊಂಡು 50 ಕೋಟಿ ಡಾಲರ್ ಕಟ್ಟಲು ಒಪ್ಪಿತು. ಔಷಧ ಪರೀಕ್ಷೆಯ ಅಂಕಿಅಂಶ ಸರಿಯಿಲ್ಲ ಎಂದು ಹೇಳುವ ಆಂತರಿಕ ವರದಿಯೊಂದು 2004ರಿಂದಲೇ ಕಂಪನಿಯೊಳಗೆ ಇತ್ತು. ಕೊಂಡವರಿಗೆ ಅದನ್ನು ತೋರಿಸಿರಲಿಲ್ಲ.

ಡೈಯಿಚಿ ಸಿಂಗಾಪುರದಲ್ಲಿ ಮಧ್ಯಸ್ಥಿಕೆಗೆ ಹೋಯಿತು. 2016ರಲ್ಲಿ ಗೆದ್ದಿತು. ಪರಿಹಾರ 2,562 ಕೋಟಿ ರೂಪಾಯಿ, ಬಡ್ಡಿ ಮತ್ತು ಖರ್ಚು ಸೇರಿ ಸುಮಾರು 3,500 ಕೋಟಿ. ದೆಹಲಿ ಹೈಕೋರ್ಟ್ 2018ರಲ್ಲಿ ಆ ತೀರ್ಪನ್ನು ಜಾರಿಗೊಳಿಸಬಹುದು ಎಂದಿತು. ಆದರೂ ಹಣ ಕೈಗೆ ಬರಲಿಲ್ಲ. ಆಸ್ತಿ ಕೈಬಿಡಬಾರದು ಎಂಬ ಆದೇಶ ಮೀರಿದ್ದಕ್ಕೆ 2019ರಲ್ಲಿ ಸುಪ್ರೀಂ ಕೋರ್ಟ್ ಸಿಂಗ್ ಸಹೋದರರನ್ನು ನ್ಯಾಯಾಂಗ ನಿಂದನೆಯ ತಪ್ಪಿತಸ್ಥರು ಎಂದಿತು, 2022ರಲ್ಲಿ ಆರು ತಿಂಗಳ ಜೈಲು ಶಿಕ್ಷೆ ಕೊಟ್ಟಿತು. ಖರೀದಿ ಆಗಿ 14 ವರ್ಷ ಆಗಿತ್ತು. ಇಷ್ಟು ಒಳ್ಳೆಯ ವಕೀಲರು, ಇಷ್ಟು ಒಳ್ಳೆಯ ಕರಾರು, ಗೆದ್ದ ತೀರ್ಪು ಇದ್ದ ದೊಡ್ಡ ಕಂಪನಿಯೇ ವಸೂಲಿಗೆ ಇಷ್ಟು ಅಲೆಯಬೇಕಾದರೆ, ನಾವು ನೀವು ಎಷ್ಟು ಅಲೆಯಬೇಕಾಗಬಹುದು ಹೇಳಿ.

ಕರಾರಿನಲ್ಲಿ ಇರಲೇಬೇಕಾದ ಸಾಲುಗಳು

ವಾರಂಟಿ ಅಂದರೆ ಮಾರುವವರು "ಇದು ನಿಜ" ಅಂತ ಸಹಿ ಹಾಕಿ ಹೇಳುವ ಮಾತು. ಷೇರು ನಮ್ಮದೇ, ಲೆಕ್ಕಪತ್ರ ಸರಿ ಇದೆ, ತೆರಿಗೆ ಕಟ್ಟಿದ್ದೇವೆ, ಕೇಸು ಇಲ್ಲ, ಹೀಗೆ. "ನಮಗೆ ತಿಳಿದ ಮಟ್ಟಿಗೆ" ಎಂಬ ಪದವನ್ನು ಮಾರುವವರ ವಕೀಲರು ಪ್ರತಿ ಸಾಲಿಗೂ ಸೇರಿಸುತ್ತಾರೆ. ಷೇರಿನ ಹಕ್ಕು, ತೆರಿಗೆ, ಪಿಎಫ್ ವಿಷಯದಲ್ಲಿ ಅದಕ್ಕೆ ಒಪ್ಪಬೇಡಿ. ಅವರಿಗೆ ಗೊತ್ತಿತ್ತೋ ಇಲ್ಲವೋ, ಬಾಕಿ ಬಂದರೆ ಕಟ್ಟಬೇಕಾದವರು ನೀವು ತಾನೇ?

ವಾರಂಟಿ ಮುರಿದರೆ ಕರಾರು ಕಾಯ್ದೆಯ 73ನೇ ಕಲಂ ಅಡಿ ನಷ್ಟ ಕೇಳಬಹುದು. ಆದರೆ ನಷ್ಟ ಎಷ್ಟು, ಅದು ಇದರಿಂದಲೇ ಆಯಿತು ಅಂತ ತೋರಿಸಬೇಕು. ದೂರದ, ಪರೋಕ್ಷ ನಷ್ಟಕ್ಕೆ ಪರಿಹಾರ ಇಲ್ಲ. ಅದಕ್ಕೇ ಇಂಡೆಮ್ನಿಟಿ, ಅಂದರೆ ನಷ್ಟ ತುಂಬಿಕೊಡುವ ಮಾತು, ಬೇರೆಯಾಗಿ ಬರೆಸಬೇಕು. ಇಲ್ಲಿ ಮೂರು ಕಡೆ ಜನ ಎಡವುತ್ತಾರೆ. ಇಂಡೆಮ್ನಿಟಿ ಕೊಡುವವರ ಜಾಗದಲ್ಲಿ ಕಂಪನಿಯ ಹೆಸರನ್ನೇ ಬರೆದಿರುತ್ತಾರೆ. ಕೊಂಡ ಮೇಲೆ ಆ ಕಂಪನಿ ನಿಮ್ಮದು, ನಿಮ್ಮ ಎಡಗೈಯಿಂದ ಬಲಗೈಗೆ ಕೊಟ್ಟ ಹಾಗಾಗುತ್ತದೆ! ಕೊಡಬೇಕಾದವರು ಮಾರಿದ ಷೇರುದಾರರು, ವೈಯಕ್ತಿಕವಾಗಿ, ಮೂರ್ನಾಲ್ಕು ಜನ ಇದ್ದರೆ ಜಂಟಿಯಾಗಿಯೂ ಒಬ್ಬೊಬ್ಬರಾಗಿಯೂ. ಎರಡನೆಯದು, ಕಂಪನಿಗೆ ಆದ ನಷ್ಟವನ್ನು ಕೊಂಡವರಿಗೆ ಆದ ನಷ್ಟ ಎಂದೇ ಎಣಿಸಬೇಕು ಅಂತ ಬರೆಯಬೇಕು. ನೋಟಿಸ್ ಬರುವುದು ಕಂಪನಿಗೆ, ನಿಮಗಲ್ಲ.

ಮೂರನೆಯದು ಸ್ವಲ್ಪ ಸೂಕ್ಷ್ಮ. ಸುಳ್ಳು ಮಾಹಿತಿ ನಂಬಿ ಕರಾರಿಗೆ ಒಪ್ಪಿದ್ದರೆ ಅದನ್ನು ರದ್ದು ಮಾಡುವ ಹಕ್ಕು ಕರಾರು ಕಾಯ್ದೆಯ 19ನೇ ಕಲಂನಲ್ಲಿದೆ. ಆದರೆ ಅದಕ್ಕೊಂದು ವಿನಾಯಿತಿಯೂ ಇದೆ. ತಪ್ಪು ಮಾಹಿತಿ ಅಥವಾ ಮೌನದಿಂದ ಆದ ಮೋಸದಲ್ಲಿ, ಸಾಮಾನ್ಯ ಎಚ್ಚರ ವಹಿಸಿದ್ದರೆ ನಿಜ ಗೊತ್ತಾಗುತ್ತಿತ್ತು ಎಂದಾದರೆ ಆ ಹಕ್ಕು ಸಿಗುವುದಿಲ್ಲ. "ನೀವೇ ಫೈಲು ನೋಡಿದ್ದಿರಿ ಅಲ್ವಾ" ಅಂತ ನಾಳೆ ಎದುರಿನವರು ವಾದ ಹೂಡಬಹುದು. ಹಾಗಾಗಿ "ಕೊಂಡವರು ಏನೇ ತಪಾಸಣೆ ಮಾಡಿದ್ದರೂ ವಾರಂಟಿ ಮತ್ತು ಇಂಡೆಮ್ನಿಟಿಯ ಹೊಣೆ ಕಡಿಮೆಯಾಗುವುದಿಲ್ಲ" ಎಂಬ ಸಾಲು ಹಾಕಿಸಿ. ತಪಾಸಣೆಯಲ್ಲಿ ನಿಮ್ಮ ಕಣ್ಣಿಗೆ ಬಿದ್ದ ತೊಂದರೆಯನ್ನು, ಉದಾಹರಣೆಗೆ ನಡೆಯುತ್ತಿರುವ ಒಂದು ಜಿಎಸ್‌ಟಿ ಕೇಸನ್ನು, ಹೆಸರು ಹಿಡಿದು ಬೇರೆ ಇಂಡೆಮ್ನಿಟಿಯಾಗಿ ಬರೆಸಿ. ಸಾಮಾನ್ಯ ವಾರಂಟಿಯ ಮೇಲೆ ಬಿಡಬೇಡಿ.

ಮಿತಿ ಬಗ್ಗೆ ಮಾರುವವರು ಕೇಳುವುದು ನ್ಯಾಯವೇ. ಅವರೂ ಯಾವಾಗಲೋ ಒಂದು ದಿನ ನೆಮ್ಮದಿಯಾಗಿ ಮಲಗಬೇಕು. ಸಾಮಾನ್ಯ ವಾರಂಟಿಗೆ 18ರಿಂದ 24 ತಿಂಗಳು, ತೆರಿಗೆಗೆ ಇಲಾಖೆ ಆ ವರ್ಷವನ್ನು ಮತ್ತೆ ತೆರೆಯಬಹುದಾದಷ್ಟು ಕಾಲ, ಷೇರಿನ ಹಕ್ಕು ಮತ್ತು ಮೋಸಕ್ಕೆ ಮಿತಿ ಇಲ್ಲ. ಹೀಗೆ ಮಾಡಿದರೆ ಇಬ್ಬರಿಗೂ ಸರಿ.

ಮಾರಿದವರು ಮುಂದಿನ ಬೀದಿಯಲ್ಲಿ ಅದೇ ವ್ಯಾಪಾರ ಶುರು ಮಾಡದಂತೆ ತಡೆಯುವ ಸಾಲನ್ನು ಅಳತೆ ಮೀರಿ ಬರೆಯಬೇಡಿ. ಕರಾರು ಕಾಯ್ದೆಯ 27ನೇ ಕಲಂ ಪ್ರಕಾರ ವ್ಯಾಪಾರ ತಡೆಯುವ ಕರಾರು ಅಸಿಂಧು. ವ್ಯಾಪಾರದ ಹೆಸರು-ವರ್ಚಸ್ಸು ಮಾರಿದಾಗ ಮಾತ್ರ ವಿನಾಯಿತಿ, ಅದೂ ಕೋರ್ಟಿಗೆ ಸಮಂಜಸ ಅನ್ನಿಸುವ ಪ್ರದೇಶಕ್ಕೆ. "ಇಡೀ ಭಾರತ, 10 ವರ್ಷ" ಅಂತ ಬರೆದು ಪೂರ್ತಿ ಕಳೆದುಕೊಳ್ಳುವುದಕ್ಕಿಂತ ನಿಜವಾಗಿ ವ್ಯಾಪಾರ ಇರುವ ಜಿಲ್ಲೆಗಳು, 3 ವರ್ಷ ಅಂತ ಬರೆದು ಉಳಿಸಿಕೊಳ್ಳಿ. ಹೆಸರು-ವರ್ಚಸ್ಸನ್ನೂ ಮಾರಿದ್ದೇವೆ ಅಂತ ಕರಾರಿನಲ್ಲೇ ಹೇಳಿಸಿ.

ಹಣ ತಡೆಯುವುದು

ಬೆಲೆಯ 10ರಿಂದ 20% ತಡೆಯಿರಿ ಅಂತ ನಾನು ಹೇಳುತ್ತೇನೆ, ತಪಾಸಣೆಯಲ್ಲಿ ಕಂಡ ತೊಂದರೆ ನೋಡಿಕೊಂಡು. ನಿಮ್ಮ ಹತ್ತಿರವೇ ಇಟ್ಟುಕೊಂಡರೆ ಮಾರುವವರಿಗೆ ಭಯ, ಅವರ ಕೈಗೆ ಕೊಟ್ಟರೆ ನಿಮಗೆ ಭಯ. ಬ್ಯಾಂಕಿನಲ್ಲಿ ಎಸ್ಕ್ರೋ ಖಾತೆ (ಷರತ್ತು ಪೂರೈಸುವವರೆಗೆ ಹಣ ಬ್ಯಾಂಕಿನ ಬಳಿಯೇ ಉಳಿಯುವ ಖಾತೆ) ತೆರೆದು ಮೂರೂ ಕಡೆಯವರು ಸಹಿ ಹಾಕಿದರೆ ಜಗಳ ಇಲ್ಲ. ಯಾವ ತಾರೀಕಿಗೆ ಎಷ್ಟು ಬಿಡುಗಡೆ, ಕ್ಲೇಮ್ ನೋಟಿಸ್ (ಕೊಂಡವರು ನಷ್ಟ ತುಂಬಿಕೊಡಿ ಎಂದು ಕೇಳುವ ಪತ್ರ) ಬಂದರೆ ಆ ಮೊತ್ತ ಯಾವ ತೀರ್ಪಿನವರೆಗೆ ತಡೆದಿರಬೇಕು ಅಂತ ಬಿಡಿಸಿ ಬರೆಯಿರಿ.

ಅಮೆರಿಕದಲ್ಲೋ ದುಬೈನಲ್ಲೋ ಇರುವವರು ವಿದೇಶಿ ಹೂಡಿಕೆಯಾಗಿ ಇಲ್ಲಿನ ಕಂಪನಿ ಕೊಳ್ಳುತ್ತಿದ್ದರೆ ಫೆಮಾ, ಅಂದರೆ ವಿದೇಶಿ ವಿನಿಮಯ ಕಾಯ್ದೆಯ ನಿಯಮ ಅಡ್ಡ ಬರುತ್ತದೆ. ತಡೆಯುವ ಅಥವಾ ಎಸ್ಕ್ರೋದಲ್ಲಿಡುವ ಹಣ ಒಟ್ಟು ಬೆಲೆಯ 25% ದಾಟಬಾರದು, ಕರಾರಿನ ದಿನದಿಂದ 18 ತಿಂಗಳು ದಾಟಬಾರದು. ಬೆಲೆ ನ್ಯಾಯಯುತ ಮೌಲ್ಯಕ್ಕಿಂತ ಕಡಿಮೆ ಇರಬಾರದು. ಷೇರು ಕೈ ಬದಲಾದದ್ದನ್ನು ತಿಳಿಸುವ ಎಫ್‌ಸಿ-ಟಿಆರ್‌ಎಸ್ ಫಾರಂ 60 ದಿನದೊಳಗೆ ಹೋಗಬೇಕು. ಇಲ್ಲಿಯವರೇ ಕೊಳ್ಳುವಾಗಲೂ ತೀರಾ ಕಡಿಮೆ ಬೆಲೆಗೆ ಕೊಂಡರೆ, ತೆರಿಗೆ ನಿಯಮದ ಮೌಲ್ಯಕ್ಕೂ ಆ ಬೆಲೆಗೂ ಇರುವ ವ್ಯತ್ಯಾಸ ಕೊಂಡವರ ಆದಾಯ ಎನ್ನಿಸಿಕೊಳ್ಳಬಹುದು.

ಸಹಿಗೂ ಹಸ್ತಾಂತರಕ್ಕೂ ನಡುವೆ

ಒಪ್ಪಿಗೆ ಪತ್ರಗಳು ಬರಲು ತಿಂಗಳುಗಳು ಬೇಕು. ಅಷ್ಟರಲ್ಲಿ ಕಂಪನಿ ಹದಗೆಟ್ಟರೆ? ಯಾಹೂವನ್ನು 2016ರಲ್ಲಿ ಕೊಳ್ಳಲು ಒಪ್ಪಿದ್ದ ವೆರಿಝಾನ್, ಹಳೇ ಡೇಟಾ ಕಳವು ಹೊರಬಂದ ಮೇಲೆ ಬೆಲೆಯಲ್ಲಿ 35 ಕೋಟಿ ಡಾಲರ್ ಇಳಿಸಿಕೊಂಡಿತು. ಜರ್ಮನಿಯ ಫ್ರೆಸೇನಿಯಸ್, ಅಮೆರಿಕದ ಏಕಾರ್ನ್ ಕೊಳ್ಳುವ 430 ಕೋಟಿ ಡಾಲರ್ ಕರಾರನ್ನೇ ಕೈಬಿಟ್ಟಿತು, 2018ರಲ್ಲಿ ಡೆಲವೇರ್ ಕೋರ್ಟ್ ಅದು ಸರಿ ಎಂದಿತು. ಆದರೆ ಅದು ತೀರಾ ಅಪರೂಪದ ತೀರ್ಪು. "ಗಂಭೀರ ಕೆಡುಕಾದರೆ ಹಿಂದೆ ಸರಿಯಬಹುದು" ಅಂತ ಬಾಯ್ಮಾತಿನಂತೆ ಬರೆದರೆ ಕೋರ್ಟಿನಲ್ಲಿ ನಿಲ್ಲಿಸುವುದು ಕಷ್ಟ. ಅಂಕಿ ಹಾಕಿ ಬರೆಯಿರಿ: ಮೂರು ತಿಂಗಳ ವ್ಯಾಪಾರ ಕಳೆದ ವರ್ಷಕ್ಕಿಂತ 25% ಬಿದ್ದರೆ, ಇಂಥ ಗ್ರಾಹಕರು ಬಿಟ್ಟುಹೋದರೆ, ಇಂಥ ಲೈಸೆನ್ಸ್ ರದ್ದಾದರೆ. ಆ ಅವಧಿಯಲ್ಲಿ ಹೊಸ ಸಾಲ, ಆಸ್ತಿ ಮಾರಾಟ, ಸಂಬಳ ಏರಿಕೆ ನಿಮ್ಮನ್ನು ಕೇಳದೆ ಆಗಬಾರದು.

ಸರ್ಕಾರಿ ಅನುಮತಿ ಸಣ್ಣ ಖರೀದಿಗೆ ಕಡಿಮೆ. 2024ರ ಸೆಪ್ಟೆಂಬರ್ 10ರಿಂದ 2,000 ಕೋಟಿ ದಾಟುವ ಖರೀದಿಗಳು ಸ್ಪರ್ಧಾ ಆಯೋಗದ ಲೆಕ್ಕಕ್ಕೆ ಬರಬಹುದು. ಷೇರುಪೇಟೆಯಲ್ಲಿರುವ ಕಂಪನಿಯ 25% ಮುಟ್ಟಿದರೆ ಇನ್ನೂ ಕನಿಷ್ಠ 26%ಗೆ ಓಪನ್ ಆಫರ್, ಅಂದರೆ ಉಳಿದ ಷೇರುದಾರರಿಂದ ಕೊಳ್ಳುವ ಬಹಿರಂಗ ಆಹ್ವಾನ ಕೊಡಬೇಕು. ಎರಡು ಕಂಪನಿ ವಿಲೀನ ಮಾಡುವುದಾದರೆ ಸಾಮಾನ್ಯವಾಗಿ ಎನ್‌ಸಿಎಲ್‌ಟಿ (ಕಂಪನಿ ಕಾನೂನು ನ್ಯಾಯಮಂಡಳಿ) ಬಾಗಿಲು ತಟ್ಟಬೇಕು, ಅದಕ್ಕೆ ಸಮಯ ಇಟ್ಟುಕೊಳ್ಳಿ.

ಹಸ್ತಾಂತರದ ದಿನ

ಹಣ ಹೋಗುವುದು ಮತ್ತು ಷೇರು ಬರುವುದು ಒಂದೇ ಹೊತ್ತಿನಲ್ಲಿ ಆಗಲಿ. ಕಾಗದದ ಷೇರು ಆದರೆ ಷೇರು ವರ್ಗಾವಣೆಯ ಎಸ್‌ಎಚ್-4 ಫಾರಂಗೆ 0.015% ಸ್ಟ್ಯಾಂಪ್, 60 ದಿನದೊಳಗೆ ಕಂಪನಿಗೆ ಸಲ್ಲಿಕೆ. ಸಣ್ಣ ಕಂಪನಿಯ ವ್ಯಾಖ್ಯೆಗೆ ಬರದ ಪ್ರೈವೇಟ್ ಕಂಪನಿಗಳಿಗೆ ಈಗ ಡಿಮ್ಯಾಟ್ ಕಡ್ಡಾಯ, ಅದನ್ನು ಮೊದಲೇ ಮಾಡಿಸಿ. ಹಳೇ ನಿರ್ದೇಶಕರ ರಾಜೀನಾಮೆ, ಹೊಸಬರ ನೇಮಕ, ಅದನ್ನು ತಿಳಿಸುವ ಡಿಐಆರ್-12 ಫಾರಂ 30 ದಿನದೊಳಗೆ.

ಜನ ಮರೆಯುವುದು ಮೊಬೈಲ್ ನಂಬರ್. ಬ್ಯಾಂಕ್, ಜಿಎಸ್‌ಟಿ, ಪಿಎಫ್ ಎಲ್ಲದರ ಒಟಿಪಿ ಹಳೇ ಮಾಲೀಕರ ಫೋನಿಗೇ ಹೋಗುತ್ತಿರುತ್ತದೆ. ಅವರು ಎದುರಿಗೆ ಕೂತಿರುವಾಗಲೇ ಒಂದೊಂದಾಗಿ ಬದಲಿಸಿ, ಬದಲಾಗದ್ದಕ್ಕೆ ಪಟ್ಟಿ ಮಾಡಿ ಸಹಿ ಹಾಕಿಸಿ. ಮಾರಿದವರು ಬ್ಯಾಂಕ್ ಸಾಲಕ್ಕೆ ಕೊಟ್ಟ ವೈಯಕ್ತಿಕ ಜಾಮೀನು ಬಿಡಿಸುವ ಕೆಲಸವನ್ನೂ ಆದಷ್ಟು ಬೇಗ ಮುಗಿಸಿಕೊಡಿ. ಅದು ನಿಮ್ಮ ಕಡೆಯ ಮಾತು, ಅದನ್ನು ಉಳಿಸಿಕೊಂಡರೆ ಮುಂದೆ ಹಳೇ ಫೈಲು ಕೇಳಿದಾಗ ಅವರೂ ಫೋನ್ ಎತ್ತುತ್ತಾರೆ.

ಆಮೇಲೆ ಎಸ್ಕ್ರೋ ಬಿಡುಗಡೆಯ ತಾರೀಕಿಗೆ 60 ದಿನ ಮುಂಚೆ ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಆ ದಿನ ನಿಮ್ಮ ಸಿಎ ಜೊತೆ ಕೂತು ಎಲ್ಲ ಪೋರ್ಟಲ್ ಮತ್ತೆ ತೆರೆದು ನೋಡಿ. ಹಳೇ ಬಾಕಿ ಏನಾದರೂ ಸಿಕ್ಕರೆ ಅವಧಿಯೊಳಗೆ ಕ್ಲೇಮ್ ನೋಟಿಸ್ ಕಳಿಸಿ, ಮೊತ್ತ ಮತ್ತು ದಾಖಲೆ ಸಮೇತ, ಕರಾರಿನಲ್ಲಿ ಬರೆದ ವಿಳಾಸಕ್ಕೆ, ಸ್ಪೀಡ್ ಪೋಸ್ಟ್‌ನಲ್ಲಿ. ವಾಟ್ಸಾಪ್ ಮೆಸೇಜ್ ಸಾಲುವುದಿಲ್ಲ.